ಮೆಟ್ಟಿಲ ಮೇಲಿನ ಹವಾಯಿ ಚಪ್ಪಲಿ

ನನ್ನ ತಮ್ಮ ಸಂತೋಷಕುಮಾರ ಘಟಪ್ರಭೆಯ ಹಳೆಯ ಸೇತುವೆ ದಾಟುವಾಗ ಕಾಲು ಜಾರಿ ನೀರುಪಾಲಾದ. ಹೊಳೆ ತುಂಬಿತ್ತು. ಅಂಬಿಗರು ಐದು ದಿನ ಹುಡುಕಿದರೂ ದೇಹ ಸಿಗಲಿಲ್ಲ. "ನಾ ಕಣ್ಣಿಲೆ ನೋಡೂತನಕ ಅವ ಸತ್ತಿಲ್ಲ" ಎಂದು ಅವ್ವ ಕೂತುಬಿಟ್ಟಳು. ಕಾರ್ಯ ಮಾಡಿಸಲು ಬಂದ ಸಿದ್ದಯ್ಯ ಸ್ವಾಮಿಗಳನ್ನು ಹೊಸ್ತಿಲಿಂದಲೇ ತಿರುಗಿ ಕಳಿಸಿದಳು. ಅಂದಿನಿಂದ ಮನೆಯ ಬಾಗಿಲಿಗೆ ಚಿಲಕ ಹಾಕಲು ಬಿಡಲಿಲ್ಲ.

ಎರಡು ವರ್ಷ ಕಳೆಯಿತು. ಅಷ್ಟರಲ್ಲಿ ಅಣ್ಣ ಉಳವಪ್ಪ ಕಂಪ್ಯೂಟರ್ ಕೆಲಸದವರಿಗೆ ಜರ್ಮನಿ ಆಗ ಕೊಡುತ್ತಿದ್ದ ಗ್ರೀನ್ ಕಾರ್ಡಿನ ಮೇಲೆ ಬಂದು ಶ್ವೀಬರ್ಡಿಂಗೆನ್ ಎಂಬ ಊರಿನಲ್ಲಿ ಕೆಲಸಕ್ಕೆ ಸೇರಿದ್ದ. ಜಾಗ ಬದಲಾದರೆ ಮನಸ್ಸು ತಿಳಿಯಾದೀತೆಂದು ಅವ್ವನನ್ನು ಕರೆಸಿಕೊಂಡ. ಅಲ್ಲಿಯ ಬಾಗಿಲುಗಳು ಎಳೆದರೆ ತಾವೇ ಚಿಲಕ ಹಾಕಿಕೊಳ್ಳುತ್ತವೆ. ಅವ್ವ ಸಂದಿಯಲ್ಲಿ ಲಟ್ಟಣಿಗೆ ಇಡತೊಡಗಿದಳು. ಮನೆಯ ಮಾಲೀಕನಿಂದ ತಕರಾರಿನ ಎರಡು ಪತ್ರ ಬಂದವು.

"ಪ್ರವೀಣ್ಯಾ, ಎಂಟು ದಿನ ನಿನ್ನ ಕಡೆ ಇಟ್ಕೋ" ಎಂದು ಅಣ್ಣ ಫೋನು ಮಾಡಿದ. "ಬರ್ಲಿನ್ ಗಿರ್ಲಿನ್ ತೋರ್ಸು. ಹ್ಯಾಂಗರ ಮಾಡಿ ಕಾರ್ಯಕ್ಕ ಹೂಂ ಅನಸು. ಅಕೀ ಹಿಂಗ ಇದ್ರ ಭಾಳ ದಿನ ಬದುಕೂದಿಲ್ಲೊ."

ನಾನು ಆಗ ಜರ್ಮನಿಯಲ್ಲೇ, ಬರ್ಲಿನ್‌ಗೆ ಹತ್ತಿರದ ಮಾಗ್ಡೆಬುರ್ಗ್‌ನಲ್ಲಿ ಓದುತ್ತಿದ್ದೆ. ಅದಕ್ಕೂ ಮೊದಲು ಆರು ವರ್ಷ ಬೆಳಗಾವಿಯ ಫೌಂಡ್ರಿಯಲ್ಲಿ ಮೇಸ್ತ್ರಿಯಾಗಿದ್ದವನು. ಕಾದ ಕಬ್ಬಿಣಕ್ಕೆ ಅವಸರ ಮಾಡಬಾರದು ಎಂಬುದಷ್ಟೇ ನನಗೆ ಗೊತ್ತಿದ್ದ ಬುದ್ಧಿ. ಅವ್ವನ ಮುಂದೆ ಕಾರ್ಯದ ಮಾತೆತ್ತಲೇ ಇಲ್ಲ.

ನವೆಂಬರಿನ ಒಂದು ಶನಿವಾರ ಬೆಳಗಿನ ರೈಲಿಗೆ ಬರ್ಲಿನ್‌ಗೆ ಹೋದೆವು. ಪ್ರವಾಸಿಗರ ಬಸ್ಸು ಹತ್ತುವುದು ದಂಡ. ಝೂ ಸ್ಟೇಷನ್ನಿನಿಂದ ಹೊರಡುವ ನೂರನೇ ನಂಬರಿನ ಎರಡಂತಸ್ತಿನ ಸಿಟಿ ಬಸ್ಸು ಅವೇ ಜಾಗಗಳನ್ನೆಲ್ಲ ಹಾದು ಹೋಗುತ್ತದೆ. ಮಹಡಿಯ ಮುಂದಿನ ಸೀಟು ಸಿಕ್ಕಿತು. ಮಂಜು ಕವಿದಿತ್ತು. ಗೋಪುರಗಳ ತುದಿ ಕಾಣಿಸುತ್ತಿರಲಿಲ್ಲ.

"ಇಷ್ಟ ದೊಡ್ಡ ಊರು, ದನೀನ ಇಲ್ಲಲ್ಲೊ" ಎಂದಳು ಅವ್ವ. "ಮಂದಿ ಎಲ್ಲಿ ಹೋಗ್ಯಾರ?"

"ಥಂಡಿ ಐತಿ ಯವ್ವಾ, ಮನ್ಯಾಗ ಅದಾರ."

"ಇಲ್ಲ. ಇಲ್ಲಿ ಭಾಳ ಮಂದಿ ಸತ್ತಾರ. ಅದಕ್ಕ ಹಿಂಗೈತಿ."

ಉಂಟರ್ ಡೆನ್ ಲಿಂಡನ್ ರಸ್ತೆಯಲ್ಲಿ ಇಳಿಯುವ ಹೊತ್ತಿಗೆ ಮಳೆ ಹನಿಯತೊಡಗಿತು. ಎದುರಿಗೆ ದಪ್ಪ ಕಂಬಗಳ ಸಣ್ಣದೊಂದು ಕಲ್ಲಿನ ಕಟ್ಟಡ ಇತ್ತು. ಮಳೆ ನಿಲ್ಲುವತನಕ ನಿಂತರಾಯಿತೆಂದು ಅವಳನ್ನು ಅತ್ತ ನಡೆಸಿದೆ.

"ಒಳಗ ಯಾವ ದೇವ್ರು?"

"ದೇವ್ರಲ್ಲ. ಯುದ್ಧದಾಗ ಸತ್ತವರ ನೆನಪಿಗೆ ಕಟ್ಟ್ಯಾರ."

"ಅಂದ್ರ ಗದ್ದಗಿ" ಎಂದವಳೇ ಕಂಬದ ಬುಡದಲ್ಲಿ ಚಪ್ಪಲಿ ಕಳಚಿದಳು. ತಾಯಿ ಕಳಚಿದ ಮೇಲೆ ಮಗ ಬೂಟು ಹಾಕಿಕೊಂಡು ಹೋಗುವುದು ಹೇಗೆ? ನಾನೂ ಬಿಚ್ಚಿದೆ. ಕಾವಲಿನವನು ಬೇಕಿಲ್ಲ ಎಂದು ಕೈಯಾಡಿಸಿದ. ನಾನು ನಕ್ಕು ಕೈಮುಗಿದೆ.

ಒಳಗೆ ಏನಿದೆಯೆಂದು ಗೊತ್ತಿದ್ದರೆ ಅವಳನ್ನು ಕರೆದುಕೊಂಡು ಹೋಗುತ್ತಿರಲಿಲ್ಲ. ಬರಿದಾದ ಒಂದೇ ಕೋಣೆ, ನಡುವೆ ಒಂದೇ ವಿಗ್ರಹ: ಮುದುಕಿಯೊಬ್ಬಳು ಸತ್ತ ಮಗನನ್ನು ಮೊಣಕಾಲ ನಡುವೆ ಅವುಚಿಕೊಂಡು ಕೂತಿದ್ದಾಳೆ. ಮೇಲೆ ಚಾವಣಿಯಲ್ಲಿ ದುಂಡನೆಯ ತೆರಪು. ಅದರಿಂದ ಮಳೆ ನೇರ ಅವರಿಬ್ಬರ ಮೇಲೆ ಬೀಳುತ್ತಿತ್ತು.

ಅವ್ವ ಬಹಳ ಹೊತ್ತು ನಿಂತಳು. ಅಳಲಿಲ್ಲ.

"ಈಕಿಗೆ ಸಿಕ್ಕಾನ" ಎಂದಳು.

ಅವಳ ರಟ್ಟೆ ಹಿಡಿದು ಹೊರಗೆ ತಂದೆ. ಕಂಬದ ಬುಡದಲ್ಲಿ ಈಗ ಐದು ಜೊತೆ ಇದ್ದವು. ನಮ್ಮನ್ನು ನೋಡಿ ಇದೇ ಇಲ್ಲಿಯ ಪದ್ಧತಿಯೆಂದು ತಿಳಿದು ಇನ್ನೂ ಮೂವರು ಬಿಚ್ಚಿಟ್ಟು ಒಳಗೆ ಹೋಗಿದ್ದರು. ಒಂದು ಗಂಡಸಿನ ಬೂಟು, ಒಂದು ಹೆಂಗಸಿನ ಕೆಂಪು ಬೂಟು. ನನಗೆ ನಗು ಬಂತು. ಐದನೆಯದನ್ನು ನೋಡಿದ ಮೇಲೆ ನಗು ನಿಂತಿತು.

ಅವು ಹವಾಯಿ ಚಪ್ಪಲಿ. ನೀಲಿ ಪಟ್ಟಿ. ಎಡಗಾಲಿನ ಪಟ್ಟಿ ಕಿತ್ತು ಬಾರದಂತೆ ಅಡಿಯಲ್ಲಿ ಪಿನ್ನು ಚುಚ್ಚಿತ್ತು. ಅವ್ವನ ಚಪ್ಪಲಿಗೆ ತಾಗಿಸಿ, ಮಕ್ಕಳು ತಾಯಿಯ ಬದಿಗೆ ಬಿಡುವ ಹಾಗೆ ಬಿಟ್ಟಿದ್ದರು. ತಮ್ಮ ಮೆಟ್ಟುತ್ತಿದ್ದದ್ದೂ ಇಂಥವೇ. ಅಂಥವು ಲೋಕದಲ್ಲಿ ಲಕ್ಷಗಟ್ಟಲೆ ಇವೆ. ಆದರೆ ಈ ಊರಲ್ಲಿ, ಈ ಥಂಡಿಯಲ್ಲಿ, ಪಿನ್ನು ಚುಚ್ಚಿದ ಹವಾಯಿ ಮೆಟ್ಟಿ ಬರುವವರು ಯಾರು?

ಅವ್ವ ಮೆಟ್ಟಿಲ ಮೇಲೆ ಕೂತಳು.

"ಏಳ ಯವ್ವಾ, ಕಲ್ಲು ತಣ್ಣಗೈತಿ."

"ಅವನೂ ಹೊರಗ ಬರ್ಲಿ. ಕೂಡೇ ಹೋಗೂಣು."

"ಯಾವನೋ ಟೂರಿಸ್ಟಂದ ಇದ್ದೀತು."

"ಹಂಗಾದ್ರ ಅವನರ ಬರ್ಲಿ. ನೋಡೂಣಂತ."

ನಾನು ಬೂಟು ಹಾಕಿಕೊಂಡು ಅವಳ ಬದಿಯಲ್ಲಿ ನಿಂತೆ. ಗಂಡಸು ಬಂದ, ಬೂಟು ಹಾಕಿಕೊಂಡು ನಮಗೆ ತಲೆಬಾಗಿಸಿ ಹೋದ. ಕೆಂಪು ಬೂಟಿನವಳೂ ಹೋದಳು. ಹವಾಯಿ ಉಳಿಯಿತು. ಅರ್ಧ ತಾಸಾಯಿತು. ಅವ್ವನ ತುಟಿ ನೀಲಿಗಟ್ಟಿದವು. ಎತ್ತಿಕೊಂಡು ಹೋಗೋಣವೆಂದರೆ ಕಂಬಕ್ಕೆ ಕೈ ಸುತ್ತಿದ್ದಳು. ಅವಳು ಇಲ್ಲಿಂದ ಏಳಲಾರಳು ಎಂದು ನನಗೆ ಮೊದಲ ಬಾರಿ ಹೆದರಿಕೆಯಾಯಿತು.

"ನಾ ಒಳಗ ಹೋಗಿ ಕೇಳ್ಕೊಂಡ ಬರ್ತೀನಿ" ಎಂದೆ. ಯಾರೋ ಹಿಂದಿನ ಬಾಗಿಲಿಂದ ಹೋದರಂತೆ ಎಂದು ಸುಳ್ಳು ಹೇಳಿ ಎಬ್ಬಿಸುವ ಲೆಕ್ಕ ನನ್ನದು.

ಬಾಗಿಲಲ್ಲಿ ಯಾರೋ ಎದುರಾದ ಹಾಗಾಗಿ, ಇಲ್ಲಿಯ ರೂಢಿಯಂತೆ "ಎಂಟ್‌ಶುಲ್ಡಿಗುಂಗ್" ಎಂದು ಕ್ಷಮೆ ಕೇಳಿ ಬದಿಗೆ ಸರಿದೆ. ಸರಿದ ಮೇಲೆ ನೋಡಿದರೆ ಬಾಗಿಲಲ್ಲಿ ನಾನೊಬ್ಬನೇ. ಒಳಗೆ ಕಾವಲಿನವನ ಹೊರತು ಯಾರೂ ಇರಲಿಲ್ಲ. ಬೇರೆ ಬಾಗಿಲೂ ಇರಲಿಲ್ಲ.

ಹೊರಗೆ ಬಂದೆ. ಅವ್ವ ಎದ್ದು ನಿಂತಿದ್ದಳು, ಚಪ್ಪಲಿ ಮೆಟ್ಟಿದ್ದಳು. ಹವಾಯಿ ಇರಲಿಲ್ಲ. ಅವು ಇದ್ದ ಕಲ್ಲಿನ ಮೇಲೆ ಅಂಗೈಯಷ್ಟು ಒದ್ದೆ ಇತ್ತು. ಕಂಬಗಳ ಒಳಗಡೆಗೆ ಮಳೆ ಬೀಳುವುದಿಲ್ಲ.

"ಹ್ವಾದ" ಎಂದಳು. "ನೀ ಅವನಿಗೆ ದಾರಿ ಬಿಟ್ಟೆಲ್ಲ, ಛಲೋ ಮಾಡ್ದಿ."

"ಏನರ ಅಂದನೇನು?"

"ಸತ್ತವರು ಏನಂತಾರ?"

ಎರಡು ವರ್ಷದಲ್ಲಿ ಅವನ ವಿಷಯದಲ್ಲಿ ಆ ಮಾತು ಅವಳ ಬಾಯಿಂದ ಬಂದಿರಲಿಲ್ಲ. ಬಸ್ಸಿನಲ್ಲಿ ನಾನೇ ಅವಳ ಕೈ ಹಿಡಿದು ಕೂತೆ.

ಝೂ ಸ್ಟೇಷನ್ನಿಗೆ ಬಂದದ್ದೇ "ಉಳವಪ್ಪಗ ಫೋನ್ ಹಚ್ಚು" ಎಂದಳು. ಬೂತಿನಲ್ಲಿ ಕಾರ್ಡು ತುರುಕಿ ಹಚ್ಚಿಕೊಟ್ಟೆ.

"ಉಳವಪ್ಪಾ, ಸಿದ್ದಯ್ಯನೋರಿಗೆ ಹೇಳಿ ಕಳಸು. ಊರಿಗೆ ಹೋಗಿ ಕಾರ್ಯ ಮಾಡೂಣು. ಗೋಧಿ ಹುಗ್ಗಿ ಮಾಡಸು, ಮ್ಯಾಲ ತುಪ್ಪ ಕೈಬಿಟ್ಟ ಹಾಕ್ರಿ. ಎಡಿ ಮುಂದ ಒಂದು ಹೊಸ ಅಂಗಿ ಇಡಬೇಕು, ಅವನ ಅಳತಿದು. ಮೈಮ್ಯಾಲೆ ಯಾರದೋ ಕೆಂಪನ್ನ ಅಂಗಿ ಹಾಕ್ಕೊಂಡು ತಿರಗಾಕತ್ತಾನ, ತೋಳು ಮುಂಗೈತನಕ ಸೈತ ಮುಟ್ಟವಲ್ದು."

ರಿಸೀವರ್ ನನ್ನ ಕೈಗೆ ಕೊಟ್ಟು ಹೊರಗೆ ಬೆಂಚಿನ ಮೇಲೆ ಕೂತಳು.

ಹೊಳೆಗೆ ಹೋದ ದಿನ ತಮ್ಮ ಮಳೆಯಲ್ಲಿ ತೊಯ್ದು, ಗೆಳೆಯ ಬಸಲಿಂಗಯ್ಯನ ಮನೆಯಲ್ಲಿ ಅವನ ಕೆಂಪು ಅಂಗಿ ಹಾಕಿಕೊಂಡು ಹೊರಟಿದ್ದ. ಪೊಲೀಸರ ಮುಂದೆ ಬಸಲಿಂಗಯ್ಯ ಹೇಳುವಾಗ ಕೇಳಿದವರು ಅಣ್ಣ, ನಾನು ಇಬ್ಬರೇ. ಇನ್ನೊಬ್ಬರ ಅಂಗಿಯಲ್ಲಿ ಹೋದ ಎಂದು ತಿಳಿದರೆ ಅವ್ವ ಇನ್ನಷ್ಟು ನೊಂದುಕೊಂಡಾಳೆಂದು ಬಾಯಿ ಬಿಟ್ಟಿರಲಿಲ್ಲ.

"ಅಂಗಿ ಮಾತ ನೀ ಹೇಳಿದ್ಯೇನು?" ಎಂದ ಅಣ್ಣ.

"ಇಲ್ಲ. ನೀನು?"

"ನಾನೂ ಇಲ್ಲ."

ಗಾಜಿನಾಚೆ ಅವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಹೋಗಿ ಬರುವವರನ್ನು ನೋಡುತ್ತ ಕೂತಿದ್ದಳು. ಯಾರನ್ನೂ ಹುಡುಕುತ್ತಿರಲಿಲ್ಲ.

"ಅಂಗಿ ತೊಗೊಂಡ ಹೋಗೂಣು" ಎಂದೆ. "ಅವನ ಅಳತಿ ನನಗ ಗೊತ್ತೈತಿ."