ಮಳೆಗಾಲಕ್ಕೆ ಎತ್ತಿಡುವ ಸಂಕ

ಕಂಕನಾಡಿಯ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಲತೇಶನ ಮುಂದೆ ಗಿರಾಕಿಯ ಫೋನು ಬಿಚ್ಚಿ ಬಿದ್ದಿತ್ತು. ಕಣ್ಣು ಮಾತ್ರ ಹೊರಗಿನ ಮಳೆಯ ಮೇಲೆ. ಮಧ್ಯಾಹ್ನದಿಂದ ಹೊಯ್ಯುತ್ತಿದ್ದ, ಈ ವರ್ಷದ ಮೊದಲ ದೊಡ್ಡ ಮಳೆ ಅದು. ಐದಕ್ಕೆ ತಂಗಿ ಪ್ರಣೀತಾಳ ಡ್ಯೂಟಿ ಮುಗಿಯುತ್ತದೆ, ಅತ್ತಾವರದ ಆಸ್ಪತ್ರೆಯಿಂದ ಸೈಕಲ್ ಹತ್ತಿ ಪಡೀಲಿನ ಮನೆಗೆ ಹೊರಡುತ್ತಾಳೆ ಎಂದು ಯೋಚಿಸುತ್ತಿದ್ದವನಿಗೆ ಥಟ್ಟನೆ ಹೊಳೆಯಿತು. ಇಷ್ಟು ಹೊತ್ತಿಗೆ ಮಾಯಿಲಪ್ಪಣ್ಣ ಸಂಕ ತೆಗೆದಿರುತ್ತಾರೆ!

ಪಡೀಲಿನ ಗುಡ್ಡೆಯ ಹಿಂದೆ ಹರಿಯುವ ಹಳ್ಳವೊಂದು ತೋಡು, ಅದರ ಮೇಲೆ ಎರಡು ತೆಂಗಿನ ದಿಮ್ಮಿಗೆ ಹಲಗೆ ಬಡಿದ ಕಾಲುಸೇತುವೆಯೇ ಆ ಸಂಕ. ನೆರೆಗೆ ಕೊಚ್ಚಿಹೋಗದಿರಲೆಂದು ದಡದ ಮನೆಯ ಮಾಯಿಲಪ್ಪ ಪ್ರತಿವರ್ಷ ಮೊದಲ ದೊಡ್ಡ ಮಳೆಗೆ ಅದನ್ನು ಎತ್ತಿ ಅಂಗಳದಲ್ಲಿಡುತ್ತಾರೆ, ಚೌತಿ ಕಳೆದ ಮೇಲೆ ಮತ್ತೆ ಹಾಕುತ್ತಾರೆ. ಇದು ಅಲ್ಲಿನ ಮಕ್ಕಳಿಗೂ ಗೊತ್ತು. ಲತೇಶನಿಗೆ ಗೊತ್ತಿಲ್ಲದೆ ಇಲ್ಲ. ಆದರೆ ಫೋನ್ ಕೈಗೆ ಬಂದರೆ ಮನುಷ್ಯನಿಗೆ ಹುಟ್ಟಿದೂರೂ ಮರೆತುಹೋಗುತ್ತದೆ.

ಕಳೆದ ವರ್ಷ ಹೆದ್ದಾರಿಯಲ್ಲಿ ಒಂದು ಟ್ಯಾಂಕರ್ ಪ್ರಣೀತಾಳ ಹ್ಯಾಂಡಲನ್ನು ಸವರಿಕೊಂಡು ಹೋಗಿತ್ತು. ಬಿದ್ದದ್ದು ಕೆಸರಿಗೆ, ಹಾಗಾಗಿ ಉಳಿದಳು. ಅಂದಿನಿಂದ ಅಣ್ಣನಿಗೆ ಸೈಕಲ್ ದಾರಿಯ ಹುಚ್ಚು ಹಿಡಿಯಿತು. ದಾರಿ ತೋರಿಸುವ ಆ್ಯಪ್‌ಗಳಿಗೆ ಸೈಕಲ್ ಎಂದರೆ ಮೆಲ್ಲಗೆ ಹೋಗುವ ಬೈಕು, ಅಷ್ಟೇ. ಎಲ್ಲರನ್ನೂ ಹೆದ್ದಾರಿಗೇ ದೂಡುತ್ತಿದ್ದವು. ಯಾರು ಬೇಕಾದರೂ ತಿದ್ದಬಹುದಾದ ಸೈಕಲ್ ನಕ್ಷೆಯೊಂದು ಸಿಕ್ಕಿದ್ದೇ ತಡ, ಲತೇಶ ತನ್ನ ಭಾನುವಾರಗಳನ್ನೆಲ್ಲ ಅದಕ್ಕೆ ಸುರಿದ. ಎಲ್ಲಿ ಡಾಮರು, ಎಲ್ಲಿ ಏರು, ಎಲ್ಲಿ ಹೊಂಡ, ಎಲ್ಲವನ್ನೂ ತುಂಬಿಸಿದ. ಮಾರ್ಚ್ ತಿಂಗಳ ಬಿಸಿಲಲ್ಲಿ ಸಂಕದ ಮೇಲೆ ನಿಂತು, ‘ಸೈಕಲ್ ಹೋಗುತ್ತದೆಯೇ?’ ಎಂಬ ಪ್ರಶ್ನೆಗೆ ಹೌದು ಒತ್ತಿದ. ‘ವರ್ಷವಿಡೀ?’ ಎಂಬುದಕ್ಕೂ ಹೌದು ಒತ್ತಿದ. ನಕ್ಷೆಯನ್ನು ತಂಗಿಯ ಫೋನಿಗೂ ಹಾಕಿಕೊಟ್ಟ. ಆಮೇಲೆ ದಿನಾ ಸಂಜೆ ಅವಳನ್ನು ಕೇಳುವುದು, “ದಾರಿ ಹೇಗುಂಟು?” ಅವಳು, “ಒಳ್ಳೇದುಂಟಣ್ಣ” ಅನ್ನುವುದು.

ಈಗ ಫೋನ್ ಮಾಡಿದರೆ ರಿಂಗಾಗುತ್ತದೆ, ಎತ್ತುವುದಿಲ್ಲ. ನಕ್ಷೆ ತೆರೆದು ಸಂಕವನ್ನು ಅಳಿಸಿದ. ‘ನಿಮ್ಮ ಬದಲಾವಣೆ ಇಪ್ಪತ್ತನಾಲ್ಕು ಗಂಟೆಯೊಳಗೆ ಕಾಣಿಸುತ್ತದೆ’ ಎಂದಿತು ಅದು. ಲತೇಶ ಎದ್ದ, ಕೂತ, ಮತ್ತೆ ಎದ್ದ.

“ಎಂತ ಮಾರಾಯ, ಕೂತಲ್ಲಿ ಕೂರುದಿಲ್ಲ ನೀನು?” ಎಂದು ಅಂಗಡಿಯ ಯಜಮಾನ ಡೆರಿಲ್ ಕೇಳಿದ.

“ಸ್ಕೂಟರ್ ಕೊಡಿ. ಬಂದು ಹೇಳ್ತೇನೆ.”

ಕಂಕನಾಡಿಯಿಂದ ಪಡೀಲಿನವರೆಗೆ ರಸ್ತೆಯೋ ಹೊಳೆಯೋ ತಿಳಿಯುತ್ತಿರಲಿಲ್ಲ. ಸಿಗ್ನಲಿನಲ್ಲಿ ನಿಂತಾಗಲೆಲ್ಲ ಮತ್ತೆ ಕರೆ ಮಾಡಿದ. ರೈನ್‌ಕೋಟಿನ ಟೊಪ್ಪಿಯೊಳಗೆ ತಲೆ ಬಗ್ಗಿಸಿ, ತನ್ನ ನಕ್ಷೆಯನ್ನು ನಂಬಿ ಇಳಿಜಾರಿನಲ್ಲಿ ಬರುತ್ತಿರುವ ತಂಗಿಯೇ ಕಣ್ಣಿಗೆ ಕಟ್ಟುತ್ತಿದ್ದಳು.

ತೋಡಿನ ದಡದಲ್ಲಿ ಮರದಿಂದ ಮರಕ್ಕೆ ಹಗ್ಗ ಕಟ್ಟಿತ್ತು. ಪಕ್ಕದಲ್ಲಿ ಕೊಡೆ ಹಿಡಿದು ಮಾಯಿಲಪ್ಪ ಕೂತಿದ್ದರು. ಕೆಳಗೆ ಕೆಂಪು ನೀರು ಭರ್ರನೆ ಹರಿಯುತ್ತಿತ್ತು.

“ಮಾಯಿಲಪ್ಪಣ್ಣ, ಪ್ರಣೀತಾ ಬಂದಳಾ? ಸೈಕಲಲ್ಲಿ?”

“ಅವಳು ಬರ್ಲಿಲ್ಲ. ಬೇರೆ ಮೂವರು ಬಂದ್ರು, ಫೋನ್ ನೋಡಿಕೊಂಡು. ಒಬ್ಬ ಇನ್ನೊಂದು ಮಾರು ಬಂದಿದ್ರೆ ತೋಡಿಗೇ. ಅದಕ್ಕೇ ಹಗ್ಗ ಕಟ್ಟಿ ಕೂತೆ. ಯಾವ ಬೋದಾಳನೋ ಬರೆದು ಹಾಕಿದ್ದಾನಂತೆ, ಇಲ್ಲಿ ಸಂಕ ಉಂಟು ಅಂತ.”

“ನಾನೇ ಅದು.”

ಮಾಯಿಲಪ್ಪ ಕೊಡೆ ಓರೆ ಮಾಡಿ ಅವನ ಮುಖ ನೋಡಿದರು. “ನೀನಾ! ನಿನ್ನ ಅಪ್ಪನೂ ನಾನೂ ಸೇರಿ ಅಲ್ವಾ ಈ ಸಂಕ ಎತ್ತುತ್ತಿದ್ದದ್ದು?”

ನಾಚಿಕೆಯಿಂದ ಲತೇಶನ ಕಿವಿ ಬಿಸಿಯಾಯಿತು. “ಹಾಗಾದ್ರೆ ಅವಳು ಇನ್ನು ಬರ್ಲಿಕ್ಕುಂಟು. ದಿನಾ ಇದೇ ದಾರಿಯಲ್ಲಿ ಬರುದಲ್ವಾ.”

“ದಿನಾ? ನಾನು ಸಂಜೆ ಇಲ್ಲೇ ದನ ಕಟ್ಟುದು. ನಿನ್ನ ತಂಗಿ ಈ ದಾರಿಯಲ್ಲಿ ಸೈಕಲ್ ತಂದದ್ದು ಒಂದು ದಿನ ಕೂಡ ನೋಡ್ಲಿಲ್ಲ ಮಾರಾಯ.”

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು.

“ಎಂತಾಯ್ತಣ್ಣ, ಇಷ್ಟು ಸಲ ಕಾಲ್ ಮಾಡಿದ್ದಿ? ನಾನು ಈಗ ಮನೆಗೆ ಮುಟ್ಟಿದೆ.”

ಲತೇಶ ಅಲ್ಲೇ ಒದ್ದೆ ಕಲ್ಲಿನ ಮೇಲೆ ಕೂತ. ಹೋದ ಜೀವ ಬಂದಂತಾಯಿತು. “ಯಾವ ದಾರಿಯಲ್ಲಿ ಬಂದೆ?”

“ಹೈವೇಯಲ್ಲಿ.”

“ದಿನಾ?”

“ಮೊದಲನೇ ದಿನ ನಿನ್ನ ದಾರಿಯಲ್ಲೇ ಗುಡ್ಡೆಯ ತಿರುವಿನವರೆಗೆ ಬಂದೆ. ಅಲ್ಲಿ ಒಂದು ಅಂಗಡಿಯಿಲ್ಲ, ಒಂದು ಜನ ಇಲ್ಲ. ಇಬ್ಬರು ಬೈಕಿನಲ್ಲಿ ಹಿಂದೆಯೇ ಬಂದ್ರು. ತಿರುಗಿಸಿ ಹೈವೇಗೆ ಹೋದೆ. ಅಲ್ಲಿ ಟ್ಯಾಂಕರ್ ಉಂಟು, ಆದ್ರೆ ಜನ ಕೂಡ ಉಂಟು.”

“ನನಗೆ ಹೇಳ್ಲಿಕ್ಕೆ ಎಂತ ಕಷ್ಟ?”

“ನೀನು ಅಷ್ಟು ಖುಷಿಯಲ್ಲಿ ಕೇಳ್ತಿದ್ದಿ. ಅದೂ ದಾರಿ ಹೇಗುಂಟು ಅಂತ. ಹೆದರಿಕೆ ಆಗ್ತದಾ ಅಂತ ಒಂದು ದಿನ ಕೂಡ ಕೇಳ್ಲಿಲ್ಲ.”

ಓಣಿ ಓಣಿಯ ಹೊಂಡ ಎಣಿಸಿದವನು ಮನೆಯೊಳಗಿನವಳನ್ನು ಕೇಳಿರಲಿಲ್ಲ. ಮೂರು ತಿಂಗಳಿಂದ ಅವಳು ಅದೇ ಟ್ಯಾಂಕರುಗಳ ನಡುವೆ ಬರುತ್ತಿದ್ದಳು, ಇವನು ನೆಮ್ಮದಿಯಿಂದ ನಿದ್ದೆ ಮಾಡುತ್ತಿದ್ದ. ತನ್ನ ಮೇಲೆಯೇ ಸಿಟ್ಟು ಬಂತು.

“ನಾಳೆ ನಾನೂ ಸೈಕಲ್ ತರ್ತೇನೆ. ನೀನು ಮುಂದೆ ಹೋಗು. ನೀನು ಹೇಳಿದ್ದನ್ನು ನಾನು ಬರೀತೇನೆ.”

“ನಾನು ಬೇಡ ಅಂದ ದಾರಿಯನ್ನೂ?”

“ಅದನ್ನೇ ಮೊದಲು.”

ಫೋನ್ ಇಟ್ಟು ಮಾಯಿಲಪ್ಪನವರ ಕಡೆ ತಿರುಗಿದ. “ಕೊಡೆ ಕೊಟ್ಟು ನೀವು ಒಳಗೆ ಹೋಗಿ. ಮ್ಯಾಪ್ ಸರಿಯಾಗ್ಲಿಕ್ಕೆ ನಾಳೆ ಆಗ್ತದೆ. ಅಲ್ಲಿವರೆಗೆ ಯಾರಾದ್ರೂ ಇಲ್ಲಿ ಇರ್ಬೇಕು.”

ಮಾಯಿಲಪ್ಪ ಕೊಡೆ ಕೊಟ್ಟು ಎದ್ದುಹೋದರು. ಲತೇಶ ಹಗ್ಗದ ಪಕ್ಕ ಕೂತ. ಸ್ವಲ್ಪ ಹೊತ್ತಿಗೆ ಗುಡ್ಡೆಯ ತಿರುವಿನಲ್ಲಿ ಸೈಕಲ್ ಬೆಲ್ ಕೇಳಿಸಿತು. ಅವನು ಕೊಡೆ ಎಸೆದು, ಎರಡೂ ಕೈ ಮೇಲೆತ್ತಿ ದಾರಿಯ ನಡುವೆ ನಿಂತ.