ಚಾಲೂ ಇಟ್ಟು ರಿಪೇರಿ ಮಾಡೂದಿಲ್ಲ, ಅಬ್ಬಾ

ಒಣದ್ರಾಕ್ಷಿ ಬರುವ ದಿನಗಳಲ್ಲಿ ಕಾಗವಾಡದ ಕೋಲ್ಡ್ ಸ್ಟೋರೇಜುಗಳ ಗೇಟಿನಲ್ಲಿ ಕೇಳುವುದು ಒಂದೇ ಮಾತು: "ಸಿಸ್ಟಮ್ ಯಾವಾಗ ಚಾಲೂ ಆಗ್ತೈತ್ರಿ?" ಹುಸೇನಮಿಯಾನವರ ಸ್ಟೋರೇಜಿನಲ್ಲೂ ಅಂದು ಅದೇ ಗಲಾಟೆ. ಅಲ್ಲಿಯ ಸರ್ವರ್ ನೋಡಿಕೊಳ್ಳುವವಳು ಅವರ ಮಗಳು ಫರಹೀನ. ಸರ್ವರ್ ಎಂದರೆ ಯಾರ ಮಾಲು ಎಷ್ಟಿದೆ ಎಂದು ನೆನಪಿಡುವ ಕಂಪ್ಯೂಟರ್. ಗೇಟಿನ ತೂಕದ ಕಾಟಾ, ಅಥಣಿಯ ಶಾಖೆ, ರೈತರ ಮೊಬೈಲು ಎಲ್ಲವೂ ನೆಟ್‌ವರ್ಕಿನಲ್ಲಿ ಅದಕ್ಕೇ ಜೋಡಣೆ. ಲೆಕ್ಕವೆಲ್ಲ ಉಳಿಯುವ ಅದರ ಹಳೆಯ ಡಿಸ್ಕ್ ಬದಲಿಸಬೇಕಿತ್ತು. ಹಿಂದಿನ ದಿನವೇ ಎಲ್ಲರಿಗೂ ಮೆಸೇಜ್ ಕಳಿಸಿದ್ದ ಫರಹೀನ, ನಡೆಯುತ್ತಿದ್ದ ತೂಕ ಮುಗಿಯಲೆಂದು ಕಾದು, ಎಲ್ಲ ಸೇವೆಗಳನ್ನೂ ನಿಲ್ಲಿಸಿದಳು.

ಹುಸೇನಮಿಯಾ ಸಿಟ್ಟಾದರು. "ಬಾಗಲಿಗೆ ಬಂದ ಗಿರಾಕಿನ್ನ ನಿಲ್ಲಸೂದು ನಮ್ಮ ಪದ್ಧತಿ ಅಲ್ಲ. ಚಾಲೂ ಇಟ್ಟ ರಿಪೇರಿ ಮಾಡು."

"ಮಾಡೂದಿಲ್ಲ, ಅಬ್ಬಾ."

"ಮಾಲಕ ನಾನೋ, ನೀನೋ?"

"ನೀವ. ಆದರ ತಿರಗೂ ಗಾಣಕ್ಕ ಕೈ ಹಾಕ್ತೀರೇನು? ಇತ್ಲಾಗ ನಾ ಹೊಸಾ ಡಿಸ್ಕಿಗೆ ಲೆಕ್ಕದ ನಕಲು ತಗೀತಿರತೀನಿ, ಅತ್ಲಾಗ ಹೊಸಾ ತೂಕ ಬರ್ತಿರತೈತಿ. ಅರ್ಧಾ ಬರದದ್ದು ಅರ್ಧಾನ ಉಳೀತೈತಿ, ಒಬ್ಬರ ಮಾಲು ಮತ್ತೊಬ್ಬರ ಹೆಸರಿಗೆ ಬೀಳತೈತಿ. ಹೋದ ಸಲ ನಿಮ್ಮ ಮಾತ ಕೇಳಿ ಹಂಗ ಮಾಡಿದ್ದೆ. ಚನ್ನವ್ವ ಕಾಕುನ ಮಾಲು ಏನಾತು?"

ದ್ರಾಕ್ಷಿ ತೋಟದ ಚನ್ನವ್ವ ಅಲ್ಲೇ ಟೆಂಪೋ ಪಕ್ಕ ನಿಂತಿದ್ದಳು.

"ಹುಸೇನಭಾಯಿ, ನನ್ನ ಮಾಲಿನ ಮುಂದ ನನ್ನ ನಿಂದರಿಸಿ, ಇದು ನಿಂದಲ್ಲವ್ವಾ ಅಂದ್ರಿ. ಕಂಪ್ಯೂಟರಿನ್ಯಾಗ ಬ್ಯಾರೇದವರ ಹೆಸರ ಐತಿ ಅಂದ್ರಿ. ವರ್ಷ ಪೂರ್ತಿ ದುಡದಾಕಿ ಕಳ್ಳಿ ಹಂಗ ನಿಂತಿದ್ದೆ. ಇವತ್ತ ಸಂಜೀತನಕಾ ಕಾಯಸ್ರಿ, ಕಾಯ್ತೀನಿ. ಆ ಮಾತ ಮತ್ತ ಕೇಳೂದಿಲ್ಲ."

ಆ ದಿನದ ನಾಚಿಕೆಯನ್ನು ಹುಸೇನಮಿಯಾ ಕೂಡ ಮರೆತಿರಲಿಲ್ಲ. ದನಿ ತಗ್ಗಿಸಿ ಕೇಳಿದರು: "ಅಲ್ಲೀತನಕಾ ಮಾಲು ಬಿಸಲಾಗ ಇಡೂದೇನು?"

"ಯಾಕ, ಅಬ್ಬಾ? ಸರ್ವರ್ ಇಲ್ಲದಿದ್ರೂ ಕಾಟಾ ತೂಗತೈತಿ. ತೂಕ ಮಾಡಿ ಚೀಟಿ ಬರದ ಕೊಡ್ರಿ, ಮಾಲು ಒಳಗ ಇಡ್ರಿ. ಆಮ್ಯಾಲೆ ನಾ ತಾಳೆ ನೋಡಿ ಕಂಪ್ಯೂಟರಿಗೆ ಏರಸ್ತೀನಿ."

ಅಷ್ಟರಲ್ಲಿ ದೊಡ್ಡ ವ್ಯಾಪಾರಿಯೊಬ್ಬನ ಫೋನ್ ಬಂತು. ಈಗಲೇ ಚಾಲೂ ಮಾಡದಿದ್ದರೆ ತನ್ನ ಮಾಲನ್ನೆಲ್ಲ ಮಿರಜಿನ ಸ್ಟೋರೇಜಿಗೆ ಒಯ್ಯುವೆ ಎಂದು ಜೋರು ಮಾಡಿದ. ಫರಹೀನ ತಂದೆಯ ಮುಖ ನೋಡಿದಳು. ಚನ್ನವ್ವನ ಚೀಟಿ ಬರೆಯುತ್ತಲೇ ಹುಸೇನಮಿಯಾ ಹೇಳಿದರು: "ಒಯ್ರಿ ಸಾವಕಾರ್ರ. ನನ್ನ ಮಗಳು ಮುಗೀತು ಅನ್ನೂತನಕಾ ಚಾಲೂ ಆಗೂದಿಲ್ಲ."

ಅಂಗಡಿ, ಡೇರಿ, ಸೊಸೈಟಿ ನಡೆಸುವ ಬಂಧುಗಳೇ, ನಿಮ್ಮಲ್ಲೂ ಸರ್ವರ್ ಇದ್ದೀತು. ದುರಸ್ತಿಗೆ ಮೊದಲು ಎಲ್ಲರಿಗೂ ತಿಳಿಸಿ, ಕೈಯಲ್ಲಿರುವ ಕೆಲಸ ಮುಗಿಸಿ, ಸೇವೆಗಳನ್ನು ನಿಲ್ಲಿಸಿ. ನಕಲು ತೆಗೆದಿಟ್ಟ ಮೇಲೆಯೇ ಕೈ ಹಾಕಿ, ಸರಿಯಾಗಿದೆಯೇ ಎಂದು ನೋಡಿಯೇ ತೆರೆಯಿರಿ. ಅವಸರ ಮಾಡುವವರಿಗೆ ಬಗ್ಗಬೇಡಿ. ಒಬ್ಬರ ಬೆವರು ಇನ್ನೊಬ್ಬರ ಹೆಸರಿಗೆ ಹೋಗುವುದಕ್ಕಿಂತ ಗೇಟಿನಲ್ಲಿ ನಿಂತು ಬೈಸಿಕೊಳ್ಳುವುದೇ ಮೇಲು.