ಬೀಳುವವರನ್ನು ಹಿಡಿದದ್ದೇ ತಪ್ಪಾಯಿತು

ನನ್ನ ಸೊಸೆ ಗಂಡಸರ ವಾರ್ಡಿನಲ್ಲಿ ನರ್ಸು. ಮೈಭಾರದ ರೋಗಿಯೊಬ್ಬನನ್ನು ಒಬ್ಬಳೇ ಹಾಸಿಗೆಯಿಂದ ಕುರ್ಚಿಗೆ ಇಳಿಸುವಾಗ ಅವಳ ಸೊಂಟ ಹಿಡಿಯಿತು. ಅಂದಿನಿಂದ ನೆಟ್ಟಗೆ ನಿಂತವಳಲ್ಲ. ಇಬ್ಬರ ಕೆಲಸಕ್ಕೆ ಒಬ್ಬಳನ್ನೇ ಬಿಟ್ಟಿದ್ದ ಆಸ್ಪತ್ರೆ, ಪರಿಹಾರ ಕೇಳಿದ ಕೂಡಲೇ ಬೇರೆ ರಾಗ ತೆಗೆಯಿತು: ಸೊಂಟ ಕೆಟ್ಟದ್ದು ಮನೆಯಲ್ಲಂತೆ, ಬಟ್ಟೆ ಒಗೆದು ಒಗೆದು. ಬಟ್ಟೆ ಒಗೆಯುವವಳು ನಾನು. ನನ್ನನ್ನು ಯಾರು ಕೇಳುತ್ತಾರೆ?

ಅವಳ ಅರ್ಜಿ ಒಪ್ಪಿದರೆ ಕೂತು ಮಾಡುವ ಕೆಲಸ ಸಿಗುತ್ತಿತ್ತು. ಇಲ್ಲವಾದರೆ ಮತ್ತೆ ಅದೇ ವಾರ್ಡು, ಅದೇ ಎತ್ತಾಟ. ಅದಕ್ಕಾಗಿ ಆಸ್ಪತ್ರೆಯವರೇ ಗೊತ್ತು ಮಾಡಿದ ಡಾಕ್ಟರಿಗೆ ತೋರಿಸಬೇಕಿತ್ತು. ಕುರಿ ಎಣಿಸಲು ತೋಳವನ್ನು ಕರೆದ ಹಾಗೆ.

ಆ ಡಾಕ್ಟರ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತಿದ್ದೆವು. ಎದುರು ಪ್ಲಾಸ್ಟಿಕ್ ಕುರ್ಚಿಯಲ್ಲಿದ್ದ ದಪ್ಪನೆಯ ಅಜ್ಜನೊಬ್ಬ ಮುಖ ಬಿಳಿಚಿಕೊಂಡು ಜಾರತೊಡಗಿದ. ನಾನು "ಅಯ್ಯೋ" ಅನ್ನುವುದರೊಳಗೆ ಸೊಸೆ ಎದ್ದು, ಅವನ ಕಂಕುಳಿಗೆ ಕೈ ಕೊಟ್ಟು, ಮೆಲ್ಲಗೆ ನೆಲಕ್ಕೆ ಮಲಗಿಸಿಬಿಟ್ಟಿದ್ದಳು. ಯೋಚಿಸಿ ಮಾಡಿದ್ದಲ್ಲ. ಹಾಲು ಉಕ್ಕಿದರೆ ಕೈ ತಾನೇ ಹೋಗುತ್ತದಲ್ಲ, ಹಾಗೆ. ಆಮೇಲೆ ಗೋಡೆ ಹಿಡಿದು, ತುಟಿ ಕಚ್ಚಿಕೊಂಡು, ಬಗ್ಗಿದವಳು ಬಗ್ಗಿಯೇ ನಿಂತಳು.

ಗಾಜಿನ ಬಾಗಿಲಾಚೆ ಡಾಕ್ಟರು, ಕೈಯಲ್ಲಿ ಕಾಫಿ ಲೋಟ. ಅಷ್ಟೂ ಹೊತ್ತು ನೋಡುತ್ತಿದ್ದ ಮಹಾನುಭಾವ, ಬಾಗಿಲು ತೆರೆದದ್ದು ಅಜ್ಜ ಕಣ್ಣು ಬಿಟ್ಟ ಮೇಲೆ.

"ಚೆನ್ನಾಗಿ ಎತ್ತುತ್ತೀರಲ್ಲಮ್ಮ," ಎಂದು ನಕ್ಕ.

"ಎತ್ತಲಿಲ್ಲ ಸರ್, ಇಳಿಸಿದೆ. ಬೀಳ್ತಿದ್ರು."

"ಎರಡೂ ಒಂದೇ ಬಿಡಿ."

ತನ್ನ ವರದಿಯಲ್ಲೂ ಹಾಗೇ ಬರೆದ. ಅರ್ಜಿಯ ವಿಚಾರಣೆಯ ದಿನ ಅಧಿಕಾರಿ ಕೇಳಿದ್ದೂ ಅದನ್ನೇ. "ಆ ಮನುಷ್ಯನ್ನ ಹಿಡಿದಿದ್ದು ನಿಜಾನಾ?"

"ನಿಜ ಸರ್."

"ಅಷ್ಟು ನೋವಿದ್ದೋರು ಹೇಗೆ ಹಿಡಿದ್ರಿ?"

"ನೋವೂ ಇತ್ತು. ಹಿಡಿದೂ ಹಿಡಿದೆ."

"ಸರಿ. ನಾಳೆ ನಿಮ್ಮೆದುರಿಗೆ ಇನ್ನೊಬ್ಬರು ಬಿದ್ರೆ?"

ನಮ್ಮ ವಕೀಲ ಮೇಜಿನಡಿ ಅವಳ ಕಾಲು ತುಳಿದ. "ಆಗಲ್ಲ" ಅಂದಿದ್ದರೆ ಸಾಕಿತ್ತು.

"ಹಿಡೀತೀನಿ," ಅಂದಳು. "ನೋಡ್ಕೊಂಡು ನಿಲ್ಲೋಕೆ ನಾನೇನು ಡಾಕ್ಟರಾ?"

ಹಿಂದೆ ಯಾರೋ ಕಿಸಕ್ಕೆಂದರು. ಅಧಿಕಾರಿ ನಗಲಿಲ್ಲ. ಅರ್ಜಿ ವಜಾ. ಸೋಮವಾರದಿಂದ ವಾರ್ಡಿಗೆ ಹಾಜರಾಗಬೇಕು.

ಮೆಟ್ಟಿಲ ಹತ್ತಿರ ಆ ಡಾಕ್ಟರು ಹಿಂದೆಯೇ ಬಂದು ದನಿ ತಗ್ಗಿಸಿದ. "ಸಿಸ್ಟರ್, ನಿಮ್ಮ ಒಳ್ಳೇದಕ್ಕೆ ಹೇಳ್ತೀನಿ, ಭಾರ ಎತ್ತಬೇಡಿ. ಸ್ಕ್ಯಾನ್ ನೋಡಿದೀನಿ, ಬೆನ್ನಿನ ಡಿಸ್ಕ್ ಪೂರ್ತಿ ಹಾಳಾಗಿದೆ. ಕಾಲೇ ಬಿದ್ದುಹೋಗಬಹುದು."

"ಈ ಮಾತು ಒಳಗೆ ಹೇಳೋಕೆ ಬಾಯಿಗೇನಾಗಿತ್ತಪ್ಪ?" ಅಂದೆ.

"ಎತ್ತಬಲ್ಲರಾ ಅಂತ ಕೇಳಿದ್ರು, ಅಜ್ಜಿ. ಎತ್ತಬಹುದಾ ಅಂತ ಯಾರೂ ಕೇಳಲಿಲ್ವಲ್ಲ," ಎಂದು, ಸಮಾಧಾನ ಮಾಡುವವನಂತೆ ನನ್ನ ಭುಜ ತಟ್ಟಿ ಇಳಿದು ಹೋದ.

ಹೇಸಿಗೆ ತುಳಿದರೆ ಕಾಲು ತೊಳೆದುಕೊಳ್ಳಬಹುದು. ಇಂಥವರ ಹಿತವಚನ ಕಿವಿಗೆ ಬಿದ್ದರೆ ಎಲ್ಲಿ ಹೋಗಿ ತೊಳೆಯುವುದು?

ಸೋಮವಾರ ಬೆಳಿಗ್ಗೆ ಅವಳು ಸೊಂಟಕ್ಕೆ ಬೆಲ್ಟು ಬಿಗಿದು ಹೊರಟಳು. ಬಗ್ಗಲಾಗದು, ಬೂಟು ತೊಡಿಸಲು ನಾನೇ ಕೆಳಗೆ ಕೂತೆ.

"ಬಿಡಿ ಅತ್ತೆ, ನೀವು ನನ್ನ ಕಾಲು ಮುಟ್ಟೋದಾ!"

"ಆ ಡಾಕ್ಟರ ಕೈಯನ್ನೇ ಕುಲುಕೋ ಜನ ಇದಾರೆ. ನಿನ್ನ ಕಾಲಿಗೇನು ಬಂತು? ಕೊಡು ಇಲ್ಲಿ."